ಚೀನಾ ಮಿಷನ್ನಿನ ಪಾಲಿನ ಕುಂಕುಮ

ನಮ್ಮತ್ತೆ ರಂಗಕ್ಕನ ಪ್ರಕಾರ ಲೋಕದಲ್ಲಿರುವುದು ಎರಡೇ ಬಗೆಯ ಸಾಮಾನು. ಒಂದು ಒರಿಜಿನಲ್ಲು, ಇನ್ನೊಂದು ಡೂಪ್ಲಿಕೇಟು. ದೊಡ್ಡ ಮಗ ಪಾಲಣ್ಣನ ಮರ ಕೊಯ್ಯುವ ಮಿಷನ್ನು ಒರಿಜಿನಲ್ಲು. ಚಿಕ್ಕ ಮಗನಿಗೆಂದು ನಾನು ಫೋನಿನಲ್ಲಿ ತರಿಸಿದ ಚೀನಾ ಮಿಷನ್ನು ಡೂಪ್ಲಿಕೇಟು. ಎರಡಕ್ಕೂ ಅದೇ ಕಿತ್ತಳೆ ಬಣ್ಣ, ಅದೇ ಆಕಾರ, ಪಕ್ಕಪಕ್ಕ ಇಟ್ಟರೆ ಅವಳಿ ಮಕ್ಕಳು. ಆದರೂ ನನ್ನದನ್ನು ಕಂಡರೆ ಅತ್ತೆ ಮೂಗು ಮುರಿಯುತ್ತಿದ್ದರು. ಆ ಮೂಗಿನ ಮೇಲೆ ನನಗೆ ಬಂದಷ್ಟು ಸಿಟ್ಟು ಇನ್ಯಾವುದರ ಮೇಲೂ ಬಂದಿಲ್ಲ.

ನಮ್ಮ ಭಾವ ಪಾಲಣ್ಣ ಮಿಡಿಗೇಶಿ ಸುತ್ತ ಹೆಸರು ಮಾಡಿದವರು. ಮಧುಗಿರಿಯಲ್ಲಿ ಹುಣಸೆ ಮರ ಉರುಳಿದರೂ, ಪಾವಗಡದ ಕಡೆ ಕೆರೆ ಏರಿಯ ಮೇಲೆ ಜಾಲಿ ಬೆಳೆದರೂ, ಶಿರಾದಲ್ಲಿ ಕರೆಂಟು ತಂತಿಗೆ ಕೊಂಬೆ ತಾಗಿದರೂ ಅವರಿಗೇ ಫೋನು. ಅವರ ಹಿಂದೆ ಹಗ್ಗ ಹೊತ್ತು ಹೋಗುವವರು ನಮ್ಮನೆಯವರು, ಜಯಣ್ಣ. ಅಣ್ಣ ಕೊಯ್ಯುತ್ತಾರೆ, ಮರ ಮನೆ ಮೇಲೆ ಬೀಳದಂತೆ ತಮ್ಮ ಹಗ್ಗ ಎಳೆದು ನಿಲ್ಲುತ್ತಾರೆ. ಫೋಟೋ ತೆಗೆಯುವವರು ಅಣ್ಣನದನ್ನೇ ತೆಗೆಯುತ್ತಾರೆ. ಊರವರು ಕರೆಯುತ್ತಿದ್ದದ್ದೂ ‘ಹಗ್ಗದ ಜಯಣ್ಣ’ ಎಂದೇ. ಹಗ್ಗದ ಜಯಣ್ಣನ ಹೆಂಡತಿ ಅನಿಸಿಕೊಂಡು ನನಗೆ ಸಾಕುಸಾಕಾಗಿತ್ತು.

ನಾನೇನೂ ಕಣ್ಣು ಮುಚ್ಚಿಕೊಂಡು ಚೀನಾ ಮಿಷನ್ನನ್ನು ಹೊಗಳುವವಳಲ್ಲ. ಎಂಜಿನ್ನು ಗಟ್ಟಿಮುಟ್ಟು, ದಾರ ಎಳೆದರೆ ಗುರ್ರ್ ಎನ್ನುತ್ತಿತ್ತು. ಆದರೆ ಅದರ ನಡುಕಕ್ಕೆ ಬೋಲ್ಟುಗಳು ತಾವಾಗೇ ಬಿಚ್ಚಿಕೊಂಡು ಮಣ್ಣಿಗೆ ಬೀಳುತ್ತಿದ್ದವು. ಕೈ ಜೋಮು ಹಿಡಿಯದಿರಲೆಂದು ಹಿಡಿಕೆಗೆ ಹಳೇ ಸೈಕಲ್ ಟ್ಯೂಬು ಸುತ್ತಿದ್ದೆ. ಮರ ಕೊಯ್ಯುವ ಹಲ್ಲಿನ ಚೈನಂತೂ ಕೇಳಲೇಬೇಡಿ, ಜಾಲಿ ಮರ ಕಂಡರೆ ಸಾಕು ಅದರ ಹಲ್ಲು ಮೊಂಡಾಗುತ್ತಿತ್ತು. ನಮ್ಮನೆಯವರು ಸಂಜೆ ಜಗಲಿಯ ಮೇಲೆ ಕೂತು ಅರದಲ್ಲಿ ಒಂದೊಂದೇ ಹಲ್ಲು ಉಜ್ಜುತ್ತಿದ್ದರು. ಆಗ ಅವರ ಮುಖದಲ್ಲಿ ಇರುತ್ತಿದ್ದ ಕಳೆ ಹಗ್ಗ ಎಳೆಯುವಾಗ ಒಂದು ದಿನವೂ ಇದ್ದದ್ದಿಲ್ಲ. ಅದನ್ನು ನೋಡಿ ನನಗೆ ಸಂತೋಷವಾಗುತ್ತಿತ್ತು.

ದಸರಾ ಹತ್ತಿರ ಬಂದಾಗ ಭಾವ ತಮ್ಮನಿಗೆ ಒಂದು ಮಾತು ಹಾಕಿದರು. ಗಾಳಿಗೆ ಬಿದ್ದ ಹಳೇ ಹುಣಸೆ ಮರವೊಂದು ನಮ್ಮ ಹೊಲದ ಬದುವಿನಲ್ಲಿ ಒಣಗಿ ಬಿದ್ದಿತ್ತು.

“ವಿಜಯದಶಮಿ ದಿನ ಇಬ್ರೂ ಎರಡು ತುದಿಯಿಂದ ಕುಯ್ಕಂಡ್ ಬರಾನ. ನಿನ್ ಮಿಷನ್ನು ನಡುವಿನ ಗಂಟ ಬಂದ್ರೆ ನಿನ್ ದಾರಿ ನಿಂದು. ಮಧ್ಯದಾಗೆ ಕೈ ಕೊಡ್ತೋ, ಅದನ್ನ ಗುಜರಿಗಾಕ್ಬುಟ್ಟು ಹಗ್ಗ ಹಿಡ್ಕ.”

ನಮ್ಮನೆಯವರು ನನ್ನ ಮುಖ ನೋಡಿದರು. ನಾನು ಆಗಲಿ ಭಾವ ಎಂದುಬಿಟ್ಟೆ.

ಆಯುಧಪೂಜೆ ಬಂತು. ಮಚ್ಚು, ಕುಡುಗೋಲು, ಗುದ್ದಲಿ ಎಲ್ಲ ತೊಳೆದು ನಡುಮನೆಯಲ್ಲಿ ಸಾಲಾಗಿಟ್ಟೆವು. ಪ್ರತಿ ವರ್ಷ ಭಾವನ ಮಿಷನ್ನಿಗೆ ಒಂದು ಬೊಟ್ಟು, ಒಂದು ಚೆಂಡುಹೂವು, ಅಷ್ಟೇ. ಈ ಸಲ ಪಂದ್ಯವಿದೆಯಲ್ಲ, ಅತ್ತೆ ಕೈ ಬಿಚ್ಚಿ ಪೂಜೆ ಮಾಡಿದರು. ಮೈತುಂಬ ಅರಿಸಿನ, ಅದರ ಮೇಲೆ ಹಿಡಿ ಹಿಡಿ ಕುಂಕುಮ, ಚೆಂಡುಹೂವಿನ ಹಾರ. ಬಾಳೆಹಣ್ಣಿಗೆ ಚುಚ್ಚಬೇಕಾದ ಊದುಬತ್ತಿಯನ್ನು ಮಿಷನ್ನಿನ ಮುಚ್ಚಳದ ಸೀಳುಗಳಿಗೇ ಸಿಕ್ಕಿಸಿದರು. ಕಾಯಿ ಒಡೆದು ಅದರ ನೀರಿನ ಅಭಿಷೇಕವನ್ನೂ ಮಾಡಿದರು. ನಾನು ನನ್ನ ಮಿಷನ್ನನ್ನು ತಂದು ಪಕ್ಕದಲ್ಲಿಟ್ಟೆ. ಅತ್ತೆ ಕುಂಕುಮದ ಬಟ್ಟಲನ್ನು ಹಿಂದಕ್ಕೆಳೆದುಕೊಂಡರು.

“ಅದು ಒಂದ್ ವರ್ಷ ಬಾಳ್ಲಿ ಕಣಮ್ಮ, ಆಮೇಲ್ ನೋಡಾನ. ಡೂಪ್ಲಿಕೇಟ್ಗೆಲ್ಲ ಕುಂಕುಮ ಇಟ್ರೆ ದೇವ್ರು ನಗ್ತಾನೆ.”

ಮಿಷನ್ನಿಗೆ ಅಂದದ್ದು ನನಗೇ ಅಂದಂತಾಯಿತು. ಅದಕ್ಕೆ ಗೋಣಿಚೀಲ ಹೊದಿಸಿ ಮಂಚದ ಕೆಳಗೆ ತಳ್ಳಿ, ಹಿತ್ತಲಿಗೆ ಹೋಗಿ ಅತ್ತುಬಿಟ್ಟು ಬಂದೆ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಕದಲಿಸಬಾರದು. ಹಾಗಾಗಿ ಭಾವನ ಮಿಷನ್ನು ಅಲ್ಲೇ ಹೊಗೆಯಾಡುತ್ತ ಕೂತಿತ್ತು.

ಮರುದಿನ ಹುಣಸೆ ದಿಮ್ಮಿಯ ಸುತ್ತ ಜನವೋ ಜನ. ಪಕ್ಕದ ಹೊಲದ ಅಡವಯ್ಯನವರು ಬದುವಿನ ಮೇಲೆ ಕಂಬಳಿ ಹಾಸಿಕೊಂಡು ತೀರ್ಪುಗಾರರಾಗಿ ಕೂತರು. ಭಾವ ಹೂವಿನ ಹಾರದ ಸಮೇತ ಮಿಷನ್ನನ್ನು ಕೆಳಗಿಟ್ಟು, ಕಾಲಲ್ಲಿ ಒತ್ತಿಹಿಡಿದು ದಾರ ಎಳೆದರು. ಅದು ಕೆಮ್ಮಿತು. ಮತ್ತೆ ಎಳೆದರು. ಸೀನಿದಂತಾಗಿ ಕೆಂಪು ಪುಡಿ ಹಾರಿತು. ಒರಿಜಿನಲ್ಲು, ಬಿಸಿಯಾಗಬೇಕು ಎಂದು ಅತ್ತೆ ಎಲ್ಲರಿಗೂ ಸಮಜಾಯಿಷಿ ಕೊಟ್ಟರು.

ನಮ್ಮದು ಈ ತುದಿಯಲ್ಲಿ ಗುರ್ರ್ ಎಂದಿತು. ಹೊಟ್ಟು ಹಾರಿತು, ಒಂದು ತುಂಡು ಉರುಳಿತು, ಇನ್ನೊಂದು ಉರುಳಿತು. ನಾನು ಸ್ಪ್ಯಾನರ್ ಹಿಡಿದು ಪಕ್ಕದಲ್ಲೇ ನಡೆಯುತ್ತ, ಯಾವ ಬೋಲ್ಟು ಬಿದ್ದರೂ ಹೆಕ್ಕಿ ತಿರುಗಿಸುತ್ತಿದ್ದೆ. ಮೈಯೆಲ್ಲ ಹುಣಸೆ ಹೊಟ್ಟು, ಬಾಯಿತುಂಬ ನಗು. ಅಷ್ಟರಲ್ಲಿ ಬ್ಲೇಡು ಮರದೊಳಗಿನ ಗಟ್ಟಿ ತಿರುಳಿಗೆ, ಕೆಂಪು ಚೇಗಿಗೆ ತಾಗಿತು. ಚೈನು ಕಿರುಗುಟ್ಟಿತು, ಹೊಗೆ ಬಂತು, ಸಡಿಲವಾಗಿ ಕಳಚಿ ಜೋತುಬಿತ್ತು. ದಿಮ್ಮಿಯ ನಡು ಇನ್ನೂ ಮಾರು ದೂರದಲ್ಲಿತ್ತು.

ನಮ್ಮನೆಯವರು ಮಿಷನ್ನು ಆರಿಸಿ ಕೆಳಗಿಟ್ಟರು. ಬದುವಿನ ಮೇಲೆ ಸುತ್ತಿಟ್ಟಿದ್ದ ಹಗ್ಗದ ಕಡೆ ನೋಡಿದರು. ಆ ಕಡೆ ಭಾವ ಇನ್ನೂ ದಾರ ಎಳೆಯುತ್ತಲೇ ಇದ್ದರು, ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

“ಹಲ್ಲಿದ್ದೋರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋರಿಗೆ ಹಲ್ಲಿಲ್ಲ” ಎಂದರು ಅಡವಯ್ಯ. ಜನ ಗೊಳ್ಳೆಂದರು.

ಸಿಟ್ಟಿನಲ್ಲಿ ನಾನು ನೇರ ಭಾವನ ಹತ್ತಿರ ಹೋದೆ. ಒರಿಜಿನಲ್ಲನ್ನು ಬಿಚ್ಚಬೇಡ ಎಂದು ಅತ್ತೆ ಹಿಂದಿನಿಂದ ಕೂಗಿದರು. ನಾನು ಕೇಳಲಿಲ್ಲ, ಮುಚ್ಚಳ ತೆಗೆದೆ. ಗಾಳಿ ಸೋಸಿ ಎಂಜಿನ್ನಿಗೆ ಬಿಡುವ ಫಿಲ್ಟರು ಅಲ್ಲಿರಬೇಕು. ಅಲ್ಲಿ ಫಿಲ್ಟರು ಎಲ್ಲಿ ಕಾಣುತ್ತದೆ! ಕಾಯಿ ನೀರಿನಲ್ಲಿ ಕಲಸಿಹೋದ ಅರಿಸಿನ ಕುಂಕುಮ ಗಟ್ಟಿ ಹುಗ್ಗಿಯ ಹಾಗೆ ಮೆತ್ತಿಕೊಂಡಿತ್ತು. ಅದರಲ್ಲಿ ಊದುಬತ್ತಿಯ ಮೋಟು ಕಡ್ಡಿಗಳು, ಒಂದಷ್ಟು ಚೆಂಡುಹೂವಿನ ಎಸಳು. ಪಾಪದ ಮಿಷನ್ನಿಗೆ ಉಸಿರಾಡಲು ಕೂಡ ಪೂಜೆ ಬಿಟ್ಟಿರಲಿಲ್ಲ.

ಎಲ್ಲರೂ ಬಗ್ಗಿ ನೋಡಿದರು. ಮೊದಲು ನಕ್ಕದ್ದು ಅಡವಯ್ಯ, ಆಮೇಲೆ ಇಡೀ ಹೊಲ ನಕ್ಕಿತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರೂ ಅವರ ಭುಜ ಕುಣಿಯುತ್ತಿತ್ತು.

ನನ್ನ ಚೀನಾ ಮಿಷನ್ನಿನ ಡಬ್ಬದಲ್ಲಿ ಒಂದು ಹೊಸ ಫಿಲ್ಟರು ಹೆಚ್ಚಿಗೆ ಬಂದಿತ್ತು. ಅದನ್ನು ತಂದು ಭಾವನ ಮುಂದೆ ಹಿಡಿದೆ.

“ಇದು ಡೂಪ್ಲಿಕೇಟು ಭಾವ. ಹಾಕ್ಲಾ, ಬ್ಯಾಡ್ವಾ?”

ಭಾವ ದಿಮ್ಮಿ ನೋಡಿದರು, ಜನರನ್ನು ನೋಡಿದರು, ತಮ್ಮನನ್ನು ನೋಡಿದರು. “ಹಾಕಮ್ಮ” ಎಂದರು ಮೆಲ್ಲಗೆ.

ಒರೆಸಿ ಹಾಕಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಒಂದೇ ಎಳೆತಕ್ಕೆ ಒರಿಜಿನಲ್ಲು ಗುಡುಗಿತು, ಹಾರ ಕಿತ್ತುಹೋಗಿ ಹೂವೆಲ್ಲ ಚೆಲ್ಲಾಪಿಲ್ಲಿಯಾಯಿತು. ಭಾವ ಅದನ್ನು ಕೊಯ್ಯಲು ಎತ್ತಲಿಲ್ಲ. ಆರಿಸಿ ಕೆಳಗಿಟ್ಟು, ತಮ್ಮ ಚೀಲದಿಂದ ಒಂದು ಹೊಸ ಒರಿಜಿನಲ್ ಚೈನು ತೆಗೆದು ತಮ್ಮನ ಕೈಗಿಟ್ಟರು.

“ತಗಳ್ಲಾ. ಎಂಜಿನ್ನು ಸೆಂದಾಗೈತೆ, ಹಲ್ಲು ಕಟ್ಸು. ನಡುವೆ ಸಿಗಾನ.”

ಆಮೇಲಿನದನ್ನು ಏನೆಂದು ಹೇಳಲಿ! ಎರಡು ತುದಿಯಿಂದ ಎರಡು ಕಿತ್ತಳೆ ಮಿಷನ್ನು ಅರಚುತ್ತ ಬಂದವು. ಕಣ್ಣಿಗೆ ಹೊಟ್ಟು ತುಂಬಿಕೊಂಡು ಯಾವುದು ಯಾವುದೆಂದು ನನಗೇ ತಿಳಿಯದಾಯಿತು. ನಡುವಿನ ತುಂಡು ಉರುಳಿದಾಗ ಅಣ್ಣತಮ್ಮಂದಿರು ಎದುರುಬದುರು ನಿಂತು, ಹೊಟ್ಟು ಮೆತ್ತಿದ ಮುಖ ನೋಡಿಕೊಂಡು ನಗುತ್ತಿದ್ದರು. ಅಲ್ಲೇ, ಮನೆ ಭಾಗ ಮಾಡಿದ ಹಾಗೆ, ಭಾವ ತಾಲ್ಲೂಕುಗಳನ್ನು ಭಾಗ ಮಾಡಿದರು. ಮಧುಗಿರಿ, ಪಾವಗಡ ಅವರಿಗೆ. ಶಿರಾ, ಕೊರಟಗೆರೆ ನಮಗೆ. ಕೊರಟಗೆರೆ ತಾಲ್ಲೂಕಿನ ತೋವಿನಕೆರೆ ನನ್ನ ತವರು. ಅಲ್ಲಿಗೆ ಬೈಕಿನಲ್ಲಿ ಮಿಷನ್ನು ಮಡಿಲಲ್ಲಿಟ್ಟುಕೊಂಡು ಹೋಗುವುದನ್ನು ನಾನು ಆಗಲೇ ಕಂಡುಬಿಟ್ಟೆ.

ಹಾಗಾದರೆ ತಮ್ಮನಿಗೆ ಹಗ್ಗ ಹಿಡಿಯುವವರು ಯಾರು ಎಂದು ಅಡವಯ್ಯ ಕೇಳಿದರು. ನಾನು ಹಗ್ಗವನ್ನೆತ್ತಿ ಹೆಗಲಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಅತ್ತೆ ಮನೆಗೆ ಹೋಗಿ ಕುಂಕುಮದ ಬಟ್ಟಲು ಹಿಡಿದು ಬಂದರು. ನಿನ್ನೆ ಯಾವುದಕ್ಕಾಗಿ ಹಿತ್ತಲಲ್ಲಿ ಅತ್ತಿದ್ದೆನೋ ಅದೇ ಈಗ ಎದುರಿಗೆ ಬಂದಿತ್ತು. ಅವರು ನನ್ನ ಮಿಷನ್ನಿನ ಮುಂದೆ ಬಗ್ಗಿ, ಹಿಡಿ ತುಂಬಿಕೊಂಡು ಕೈ ಎತ್ತಿದರು. ನಾನು ಓಡಿಹೋಗಿ ಸೆರಗಿನಿಂದ ಅದನ್ನು ಮುಚ್ಚಿ, ಮುಂದೆ ಕೂತು ಹಣೆಯೊಡ್ಡಿದೆ.

“ಅದ್ರ ಪಾಲಿಂದು ನನಗೇ ಇಡಿ ಅತ್ತೆ.”

ಅತ್ತೆ ಇಟ್ಟರು. ಹಣೆ ತುಂಬಿ ಮೂಗಿನವರೆಗೆ ಇಳಿಯುವಷ್ಟು ಇಟ್ಟರು. ನಾನು ಜೋರಾಗಿ ಸೀನಿದೆ.