ಸಿಪ್ಪೆ ಎದ್ದ ಪದರ

ಆರ್‌ಪಿಸಿ ಲೇಔಟಿನ ಮನೆಯಿಂದ ಮೆಟ್ರೋ ಹಿಡಿದು ಕೆಂಗೇರಿಯ ಪ್ರಯೋಗಾಲಯಕ್ಕೆ ಬರುತ್ತಿದ್ದ ಸೌಮ್ಯಶ್ರೀ ವರ್ಷಗಳಿಂದ ಒಂದೇ ಕೆಲಸಕ್ಕೆ ಜೋತುಬಿದ್ದಿದ್ದಳು. ಕಣಗಳನ್ನು ವೇಗವಾಗಿ ಓಡಿಸುವ ಯಂತ್ರಕ್ಕೆ ಲೋಹದ ಟೊಳ್ಳು ಗೂಡು ಬೇಕು. ಅದಕ್ಕೆ ಅಲ್ಲಿಯವರು ಕ್ಯಾವಿಟಿ ಎನ್ನುತ್ತಿದ್ದರು. ಇಡಿಯಾಗಿ ನಯೋಬಿಯಂ ಎಂಬ ಲೋಹದಲ್ಲಿ ಮಾಡಿದರೆ ಬಲು ದುಬಾರಿ. ತಾಮ್ರದಲ್ಲಿ ಮಾಡಿ, ಒಳಮೈಗೆ ಮಾತ್ರ ಕೂದಲಿಗಿಂತ ಎಷ್ಟೋ ತೆಳುವಾದ ನಯೋಬಿಯಂ ಪದರ ಕೂರಿಸಿದರೆ ಸಾಕು, ದ್ರವ ಹೀಲಿಯಂನ ಚಳಿಯಲ್ಲಿ ಆ ಪದರ ವಿದ್ಯುತ್ತಿಗೆ ತಡೆಯೇ ಒಡ್ಡದ ಅತಿವಾಹಕವಾಗಿ ರೇಡಿಯೋ ಅಲೆಯ ಶಕ್ತಿಯನ್ನು ಹೆಚ್ಚು ಪೋಲಾಗದಂತೆ ಹಿಡಿದಿಡುತ್ತದೆ ಎಂಬುದು ಅವಳ ವಾದ.

ಯೋಜನೆಯ ಪರಿಶೀಲನಾ ಸಮಿತಿ ಬರುವ ಹಿಂದಿನ ದಿನ, ಹಾಗೆ ಮಾಡಿದ ಕ್ಯಾವಿಟಿಯನ್ನು ರಭಸದ ನೀರಿನಲ್ಲಿ ತೊಳೆಯುತ್ತಿದ್ದಾಗ ಪದರ ಬೆಸುಗೆಯ ಉದ್ದಕ್ಕೂ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು.

ವಿಭಾಗದ ಮುಖ್ಯಸ್ಥ ರುದ್ರಮುನಿ ನೋಡಿ ಬಾಗಿಲು ಹಾಕಿದರು. “ನೋಡಮ್ಮ, ಚಪ್ಪಟೆ ಬಿಲ್ಲೆ ಮೇಲೆ ಮಾಡಿದ್ದು ಚೆನ್ನಾಗಿ ಬಂದಿದೆಯಲ್ಲ, ಆ ರಿಸಲ್ಟ್ ತೋರಿಸು. ಇದು ಆಚೆ ಬರೋದು ಬೇಡ.”

“ಬಿಲ್ಲೆ ಇಟ್ಕೊಂಡು ಯಂತ್ರ ಓಡಿಸಕ್ಕಾಗಲ್ಲ ಸಾರ್.”

“ಹಠ ಮಾಡ್ಬೇಡ. ಪ್ರಾಜೆಕ್ಟೇ ಹೋಗುತ್ತೆ.”

ಮರುದಿನ ಅವಳು ಆ ಕ್ಯಾವಿಟಿಯನ್ನು ತಬ್ಬಿಕೊಂಡು ಹೋಗಿ ಸಮಿತಿಯ ಮೇಜಿನ ಮೇಲಿಟ್ಟು, ಟಾರ್ಚ್ ಬಿಟ್ಟು ಒಳಗಿನ ಗಾಯ ತೋರಿಸಿದಳು. “ಬೆಸುಗೆ ಹತ್ತಿರ ತಾಮ್ರ ನುಣುಪಾಗಿರಲಿಲ್ಲ, ಪಾಲಿಶ್ ಮಾಡಿದ ಆಸಿಡ್ ಉಳ್ಕೊಂಡಿತ್ತು. ತಪ್ಪು ನಮ್ಮದೇ. ಸರಿ ಮಾಡ್ತೀವಿ.”

ಅಧ್ಯಕ್ಷರು ಕನ್ನಡಕ ತೆಗೆದರು. “ಹೊರದೇಶದಿಂದ ರೆಡಿಯಾಗಿ ಸಿಗುತ್ತಲ್ಲ. ಇಲ್ಲಿ ಆಗಲ್ಲ ಅಂತ ಒಪ್ಕೊಂಡ್ಬಿಡಿ, ಮರ್ಯಾದೆಯಾಗಿ ಮುಚ್ಚೋಣ.”

“ಮುಚ್ಚೋದು ನಿಮ್ಮ ಅಧಿಕಾರ ಸಾರ್, ಮುಚ್ಚಿ. ಆಗಲ್ಲ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡಿ.”

ಮುಚ್ಚಿದರು. ಪದರ ಕೂರಿಸುವ ನಿರ್ವಾತ ಚೇಂಬರನ್ನು ತಿಂಗಳ ಕೊನೆಗೆ ಬೇರೆ ತಂಡಕ್ಕೆ ಬಿಟ್ಟುಕೊಡಬೇಕೆಂದು ಆದೇಶ ಬಂತು.

ಜೊತೆಗೆ ಕೆಲಸ ಮಾಡುತ್ತಿದ್ದ ರಕ್ಷಾ ಮಂಕಾಗಿ ಕೂತಿದ್ದಳು. “ಏಳೇ,” ಎಂದಳು ಸೌಮ್ಯಶ್ರೀ. “ತಿಂಗಳ ಕೊನೆ ಅಂದಿದ್ದಾರೆ, ಇವತ್ತು ಅಂದಿಲ್ಲ.”

ಹಳೆಯ ಪದರವನ್ನು ಪೂರ್ತಿ ಕರಗಿಸಿದರು. ಬೆಸುಗೆಯ ಗೆರೆ ಬೆರಳಿಗೆ ತಾಕದ ಹಾಗೆ ತಾಮ್ರವನ್ನು ನಯಗೊಳಿಸಿ, ತೊಳೆದು, ಚೇಂಬರಿನಲ್ಲಿ ಕಾಯಿಸಿ ತೇವವನ್ನೆಲ್ಲ ಹೊರಗೆಳೆದರು. ನಡುವೆ ರುದ್ರಮುನಿ ಬಂದು, “ಆರ್ಡರ್ ಓದಿಲ್ವಾ?” ಎಂದು ಗದರಿದರು.

“ಓದಿದೀನಿ ಸಾರ್. ಅದಕ್ಕೇ ಆತುರ,” ಎಂದ ಸೌಮ್ಯಶ್ರೀ ಮೀಟರಿನಿಂದ ಕಣ್ಣು ಕೀಳಲಿಲ್ಲ. ಚೇಂಬರಿನೊಳಗೆ ಆರ್ಗಾನ್ ಅನಿಲ ನೇರಳೆಯಾಗಿ ಬೆಳಗಿತು. ನಡುವಿನ ನಯೋಬಿಯಂ ಸರಳಿನಿಂದ ಸಿಡಿದ ಪರಮಾಣುಗಳು ತಾಮ್ರದ ಗೋಡೆಗೆ ಹೋಗಿ ಕೂತವು.

ಈ ಸಲ ನೀರಿನ ರಭಸಕ್ಕೆ ಒಂದು ಚೂರೂ ಏಳಲಿಲ್ಲ. ಹೀಲಿಯಂನಲ್ಲಿ ಮುಳುಗಿಸಿ ಅಳೆದರು. ಕಡಿಮೆ ಶಕ್ತಿಯಲ್ಲಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಶಕ್ತಿ ಏರಿಸುತ್ತ ಹೋದಂತೆ ಗುರಿಯ ಅರ್ಧದಾರಿಯಲ್ಲೇ ಶಕ್ತಿ ಹಿಡಿದಿಡುವ ಗುಣ ಕುಸಿಯಿತು. ರಕ್ಷಾ ಸೌಮ್ಯಶ್ರೀಯ ಮುಖ ನೋಡಿದಳು.

“ಕುಸಿದಿದ್ದನ್ನೂ ಸೇರಿಸಿ ಅಧ್ಯಕ್ಷರಿಗೆ ಕಳಿಸು. ಆಗಲ್ಲ ಅಂದಿದ್ರು, ಅಂಟಿದೆ. ಯಾಕೆ ಕುಸಿಯುತ್ತೆ ಅನ್ನೋದು ಮುಂದಿನ ಕೆಲಸ.”

ಅಧ್ಯಕ್ಷರಿಂದ ಉತ್ತರ ಬರಲಿಲ್ಲ. ಹೇಳಿದ ದಿನಕ್ಕೆ ಸರಿಯಾಗಿ ಬೇರೆ ತಂಡದವರು ಬಂದು ಚೇಂಬರನ್ನು ಬಿಚ್ಚಿಕೊಂಡು ಹೋದರು. ಸೋಮವಾರ ರುದ್ರಮುನಿ ಒಳಗೆ ಬಂದಾಗ ಇಬ್ಬರೂ ಗುಜರಿಗೆ ಹಾಕಿದ್ದ ಉಕ್ಕಿನ ಕೊಳವೆಯೊಂದನ್ನು ಎಳೆದು ತಂದು, ಅದನ್ನೇ ನಿರ್ವಾತ ಚೇಂಬರ್ ಮಾಡಲು ಹಳೆಯ ಪಂಪು ಜೋಡಿಸುತ್ತಿದ್ದರು.

“ಯಾರನ್ನ ಕೇಳಿ ಇದೆಲ್ಲ?”

“ಗುಜರಿ ಮಾಲು ಸಾರ್, ಯಾರನ್ನ ಕೇಳ್ಬೇಕು?” ಸೌಮ್ಯಶ್ರೀ ಬೋಲ್ಟು ಬಿಗಿಯುತ್ತಲೇ ಇದ್ದಳು. “ಒಂದು ಕಡೆ ಸೋರ್ತಾ ಇದೆ. ಸರಿಹೋಗುತ್ತೆ.”

ರುದ್ರಮುನಿ ಕೊಳವೆಯನ್ನೊಮ್ಮೆ ನೋಡಿ ಬಾಗಿಲ ಕಡೆ ತಿರುಗಿದರು. ಅವರು ಬಾಗಿಲು ದಾಟುವ ಮೊದಲೇ ರಕ್ಷಾ ಪಂಪಿನ ಸ್ವಿಚ್ ಒತ್ತಿದಳು.