ಫಾರ್ಮಿನ ಏಳನೆಯ ಪ್ರಶ್ನೆ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸೌಮ್ಯಾಳನ್ನು ಹಂಚಿನ ಮುಂದಿನಿಂದ ಎಬ್ಬಿಸಿ ಹೊರಗೆ ಕಳಿಸಲಾಯಿತು. ಹಂಚಿನ ಮೇಲಿದ್ದ ರೊಟ್ಟಿ ಒಂದೇ ಮಗ್ಗುಲು ಬೆಂದಿತ್ತು.

ತಾರಿಹಾಳದ ಆ ಘಟಕದಲ್ಲಿ ಹದಿನೆಂಟು ಹೆಂಗಸರು ಕಡಕ್ ರೊಟ್ಟಿ ಬಡಿಯುತ್ತಾರೆ. ಆರು ತಿಂಗಳಿಗೊಮ್ಮೆ ಎಲ್ಲರೂ ಆರೋಗ್ಯದ ಫಾರ್ಮು ತುಂಬಬೇಕು. ಕೆಮ್ಮು ಇದೆಯೇ, ಜ್ವರ ಇದೆಯೇ, ಕೈಗೆ ಗಾಯವಾಗಿದೆಯೇ ಎಂಬ ಪ್ರಶ್ನೆಗಳಿಗೆ ಅರ್ಥವಿದೆ. ಏಳನೆಯ ಪ್ರಶ್ನೆ, ‘ಬಿಳಿ ಸೆರಗು ಹೋಗುತ್ತದೆಯೇ?’ ಇದನ್ನು ಘಟಕದ ಕಚೇರಿಯವರು ಯಾವ ವೈದ್ಯರನ್ನೂ ಕೇಳದೆ ತಾವೇ ಸೇರಿಸಿದ್ದರು. ಇಪ್ಪತ್ತೆರಡು ವರ್ಷದ ಸೌಮ್ಯಾ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕಾಯಂ ಆಗುವವರ ಪಟ್ಟಿ ಶನಿವಾರ ಬರುವುದಿತ್ತು. ಅವಳು ‘ಹೌದು’ ಎಂದು ಬರೆದಿದ್ದಳು.

“ನಾ ಏನ್ ತಪ್ಪ್ ಮಾಡೇನ್ರಿ ಸರ?” ಎಂದು ಸೌಮ್ಯಾ ಮೇಲ್ವಿಚಾರಕ ಕುಮಾರಸ್ವಾಮಿಯನ್ನು ಕೇಳಿದಳು.

“ತಪ್ಪಲ್ಲವ್ವಾ, ಜಡ್ಡು. ಇದು ಮಂದಿ ತಿನ್ನೂ ಪದಾರ್ಥ. ಡಾಕ್ಟರ ಚೀಟಿ ತಗೊಂಡ ಬಾ. ಅಲ್ಲೀತನಕ ಒಳಗ ಬರಬ್ಯಾಡ.”

ಮಧ್ಯಾಹ್ನ ಊಟದ ಹೊತ್ತಿಗೆ ಗೇಟಿನ ಬಳಿ ಅವಳನ್ನು ಕಂಡು ಮುರಿಗೆವ್ವ ಹಣೆ ಚಚ್ಚಿಕೊಂಡಳು. ಅಲ್ಲಿಯ ಕೆಲಸಗಾರರಲ್ಲಿ ಅವಳೇ ಹಳಬಳು.

“ಖರೇ ಬರದೇನ? ಹುಚ್ಚಿ! ಅಲ್ಲೆ ಎಲ್ಲಾರೂ ಇಲ್ಲ ಅಂತನ ಬರೀತೇವಿ.”

“ನಿಮಗ ಹೋಗೂದಿಲ್ಲೇನ ಕಾಕೂ?”

“ಹೋಗತೈತಿ. ಕುಮಾರಸ್ವಾಮಿಗೆ ಯಾಕ ಹೇಳಲಿ, ಅಂವೇನ ನನ್ನ ತಂಗೀನ?” ಎಂದು ನಕ್ಕವಳು ದನಿ ತಗ್ಗಿಸಿದಳು. “ಆದ್ರ ಹಗರ ಮಾಡಬ್ಯಾಡ. ಎಲುಬು ಕರಗಿ ಹೋಗೂದಂತ ಅದು. ನಾ ದಿನಾ ಸಾಬಾನ ಹಚ್ಚಿ ಒಳಗಿನತನಕ ತೊಳಕೋತೇನಿ. ಆಮ್ಯಾಲ ಉರೀತೈತಿ ಖರೇ.”

ಸಂಜೆ ಇಬ್ಬರೂ ವಿದ್ಯಾನಗರದ ಡಾಕ್ಟರ್ ವೃಂದಾ ಅವರ ದವಾಖಾನೆಗೆ ಹೋದರು. ಡಾಕ್ಟರು ಒಂದೊಂದಾಗಿ ಕೇಳಿದರು. ಕೆಟ್ಟ ವಾಸನೆ? ತುರಿಕೆ? ಉರಿ? ಹಸಿರು ಬಣ್ಣ? ಮೊಸರು ಒಡೆದಂಥ ಗಂಟು? ಕಿಬ್ಬೊಟ್ಟೆ ನೋವು? ಸೌಮ್ಯಾ ಎಲ್ಲದಕ್ಕೂ ಇಲ್ಲ ಎಂದಳು. ಡಾಕ್ಟರು ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಬಂದು ಕುಳಿತರು.

“ನಿನಗ ಏನೂ ಆಗಿಲ್ಲ. ಯೋನಿ ತನ್ನನ್ನ ತಾನ ಸ್ವಚ್ಛ ಇಟ್ಕೊಳ್ಳೂ ರೀತಿ ಇದು. ತಿಂಗಳದಾಗ ಕೆಲವು ದಿನ ದಪ್ಪ, ಬೆಳ್ಳಗ. ನಡುವ ನಾಕು ದಿನ ತತ್ತಿಯ ಲೋಳಿಯಂಗ ಎಳಿ ಬರ್ತದ.”

“ನಾವ್ ತತ್ತಿ ತಿನ್ನೂದಿಲ್ರಿ ಬಾಯಾರ,” ಎಂದಳು ಮುರಿಗೆವ್ವ.

“ತಿನ್ನಬ್ಯಾಡ್ರಿ, ತಿಳಕೊಂಡ್ರ ಸಾಕು. ಎಲುಬು ಕರಗೂದಿಲ್ಲ. ನಿಮ್ಮ ಉರಿ ಸಾಬಾನದ್ದ ಇರಬಹುದು. ಒಳಗ ತೊಳೀಬ್ಯಾಡ್ರಿ, ಹೊರಗ ಬರೇ ನೀರು ಸಾಕು. ಬಿಟ್ಟ ಮ್ಯಾಲೂ ಉರದ್ರ ತೋರಸಾಕ ಬರ್ರಿ. ಒಳಗಿನ ಅರಬಿ ಎಲ್ಲೆ ಒಣಾ ಹಾಕ್ತೀರಿ?”

“ಸೀರಿ ಕೆಳಗ್ರಿ, ಯಾರಿಗೂ ಕಾಣಧಂಗ.”

“ಬಿಸಲಿಗೆ ಹಾಕ್ರಿ. ಕಂಡ್ರ ಕಾಣಲಿ.”

ಆಮೇಲೆ ಡಾಕ್ಟರು ಸೌಮ್ಯಾ ತಂದಿದ್ದ ಫಾರ್ಮು ಓದಿದರು. ಏಳನೆಯ ಪ್ರಶ್ನೆಯನ್ನು ಎರಡು ಸಲ ಓದಿದರು.

“ಬಾಯಾಗ ಜೊಲ್ಲು ಬರ್ತದೇನು ಅಂತ ಕೇಳಿಲ್ಲಲ್ಲ! ಅದೂ ಎಲ್ಲಾರಿಗೂ ಬರ್ತದ,” ಎಂದು ಪೆನ್ನು ತೆಗೆದುಕೊಂಡರು.

ಚೀಟಿಯಲ್ಲಿ ಮೂರು ವಾಕ್ಯಗಳಿದ್ದವು: ಬಿಳಿ ಸೆರಗು ಇದೆ. ಅದು ಸಹಜ. ಯಾವ ರೋಗವೂ ಇಲ್ಲ.

ಗುರುವಾರ ಎಂಟೂವರೆಗೆ ಕುಮಾರಸ್ವಾಮಿ ಆ ಚೀಟಿಯ ಮೊದಲ ವಾಕ್ಯದ ಮೇಲೆ ಬೆರಳಿಟ್ಟ. “ಐತಿ ಅಂತನ ಬರದಾರಲ್ಲ. ಇಲ್ಲ ಅಂತ ಬರಸ್ಕೊಂಡ ಬಾ.”

“ಸುಳ್ಳ ಬರಸ್ಕೊಂಡ ಬರಲೇನ್ರಿ?”

“ಉಳದ ಹದಿನೇಳು ಮಂದಿ ಇಲ್ಲ ಅಂತ ಬರದಾರ. ನಿನಗೊಬ್ಬಾಕಿಗೆ ಐತಿ ಅಂದ್ರ ಏನರ್ಥ?”

ಸೌಮ್ಯಾಳ ಕಣ್ಣುಗಳು ಕೆಂಪಾದವು, ಆದರೆ ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಒಂದು ಕಡೆ ನಿಂತಿತು. ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ನನ್ನ ಫಾರ್ಮ್ ಕೊಡ್ರಿ. ನಾ ಸುಳ್ಳ ಬರದೇನಿ.”

“ಮುರಿಗೆವ್ವಾ, ನೀ ನಡು ಬರಬ್ಯಾಡ.”

“ಯಾಕ ಬರಬಾರದ್ರಿ? ಮೂವತ್ತ ವರ್ಷ ಆತು ನನಗ ಬಿಳಿ ಹೋಗಾಕತ್ತಿ. ನಿಮ್ಮ ಮಗಳ ಸೀಮಂತಕ್ಕ ಇನ್ನೂರ ರೊಟ್ಟಿ ಈ ಕೈಲೇನ ಬಡದ ಕೊಟ್ಟೇನಿ. ಅವಾಗ ಛಲೋ ಅದಾವು ಅಂತ ಹೇಳಿ ಕಳಿಸಿದ್ರಿ. ಈಗ ಹೊಲಸು ಆತೇನ? ನಿಮ್ಮ ಮನ್ಯಾಗಿನ ಹೆಣ್ಣಮಕ್ಕಳನ್ನ ಕೇಳ್ರಿ ಮೊದಲ. ಅವರ ಕೈಲೆ ಉಣ್ಣೂದು ಬಿಟ್ಟ ಬರ್ರಿ, ಆಮ್ಯಾಲ ಈ ಹುಡಿಗೀನ್ನ ಹೊರಗ ಹಾಕ್ರಿ!”

ಮುರಿಗೆವ್ವ ಮೇಜಿನ ಮೇಲಿನ ಕಟ್ಟಿನಿಂದ ತನ್ನ ಫಾರ್ಮು ಹುಡುಕಿ, ‘ಇಲ್ಲ’ ಹೊಡೆದುಹಾಕಿ ‘ಹೌದು’ ಎಂದು ಬರೆದಳು. ಕಾಗದಕ್ಕೆ ಜೋಳದ ಹಿಟ್ಟು ಹತ್ತಿತು. ಅವಳ ಹಿಂದೆ ಪಕ್ಕದ ಹಂಚಿನ ಮುಸರತ ಬಂದಳು, ಆಮೇಲೆ ಜಯಾ. ಹತ್ತು ಗಂಟೆಯ ಹೊತ್ತಿಗೆ ಹದಿಮೂರು ಮಂದಿ ತಿದ್ದಿದ್ದರು. ನಾಲ್ವರು ಕುಳಿತಲ್ಲಿಂದ ಏಳಲಿಲ್ಲ.

ಕುಮಾರಸ್ವಾಮಿ ಕಚೇರಿಗೆ ಎರಡು ಸಲ ಫೋನು ಮಾಡಿದ. ಹತ್ತೂವರೆಗೆ ಸೌಮ್ಯಾ ಹಂಚಿನ ಮುಂದೆ ಕುಳಿತಳು. ಶನಿವಾರದ ಕಾಯಂ ಪಟ್ಟಿಯಲ್ಲಿ ಅವಳ ಹೆಸರಿತ್ತು.