ಕಂಪ್ಲಿಯಿಂದ ಬಂದ ಹೊಟ್ಟು

ಜಂಬುನಾಥ ಹೋದ ಮೇಲೆ ಮಾಳಿಗೆಯ ಮೇಲಿನ ಕುಂಡಗಳಿಗೆ ಯಾರೂ ನೀರು ಹಾಕಲಿಲ್ಲ. ಹಾಕಬಾರದೆಂದು ಯಾರೂ ತೀರ್ಮಾನಿಸಿರಲಿಲ್ಲ. ಅತ್ತೆ ದುರುಗವ್ವನಿಗೂ ಸೊಸೆ ಹೇಮಾಳಿಗೂ ಆ ಮೆಟ್ಟಿಲು ಹತ್ತಲು ಕಾಲೇ ಏಳುತ್ತಿರಲಿಲ್ಲ, ಅಷ್ಟೆ.

ಆ ಕುಂಡಗಳನ್ನು ಜೋಡಿಸಿದವನು ಅವನೇ. ಕುಂಡಗಳೆಂದರೆ ಹೆಸರಿಗೆ; ಬಣ್ಣದ ಡಬ್ಬಿ, ಒಡೆದ ಬಕೆಟ್ಟು, ಅರ್ಧಕ್ಕೆ ಮಡಚಿದ ಸಿಮೆಂಟ್ ಚೀಲ. ಸಂಡೂರಿನ ಗಣಿ ಕಡೆ ಟಿಪ್ಪರ್ ರಿಪೇರಿ ಮಾಡುವ ಮೆಕ್ಯಾನಿಕ್ಕನಿಗೆ ರಜೆ ಸಿಕ್ಕಿತೆಂದರೆ ಎಮ್ಮಿಗನೂರಿನ ದಾರಿ ಹಿಡಿಯುವುದು, ಅಲ್ಲಿ ಅವ್ವನ ತವರಿನವರ ಗದ್ದೆಯ ಬದುವಿನಿಂದ ಎರೆಮಣ್ಣು ಅಗೆದು ಚೀಲಕ್ಕೆ ತುಂಬುವುದು, ಬೈಕಿನ ಹಿಂದೆ ಕಟ್ಟಿಕೊಂಡು ಹೊಸಪೇಟೆಗೆ ಬರುವುದು. ಹೊಸದಾಗಿ ಮದುವೆಯಾದ ಹೆಂಡತಿ ಬದನೆ ಬೇಕೆಂದರೆ ಬದನೆ, ದುಂಡುಮಲ್ಲಿಗೆ ಬೇಕೆಂದರೆ ಮಲ್ಲಿಗೆ. ಆಷಾಢದ ಒಂದು ಸಂಜೆ ಸಂಡೂರಿನಿಂದ ಬರುವಾಗ ರಸ್ತೆಯ ಮೇಲೆ ಅದಿರಿನ ಕೆಂಪು ಕೆಸರಿತ್ತು. ಬೈಕು ಜಾರಿತು. ಹಿಂದೆ ಲಾರಿ ಇತ್ತು.

ಮರುಬೇಸಿಗೆಯಲ್ಲಿ ಮನೆಯ ಮಾಲೀಕ ಹಂಪಯ್ಯ ಬಂದು ಬಾಗಿಲಲ್ಲೇ ನಿಂತ. ಅವನಿಗೂ ಆ ಮಾತು ಆಡಲು ಮನಸ್ಸಿರಲಿಲ್ಲ.

"ಮ್ಯಾಲ ಗಚ್ಚು ಬಿರುಕು ಬಿಟ್ಟೈತವ್ವ. ಮಳಿ ಬರೋದ್ರೊಳಗ ಸಿಮೆಂಟ್ ಹಾಕಸ್ಬೇಕು. ಆ ಡಬ್ಬಿಗಳು ಅಷ್ಟು ತೆಗದ್ರ..."

"ತೆಗಸ್ತೀನ್ರಿ," ಎಂದಳು ಹೇಮಾ, ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ. "ಗಾಡಿಯವನಿಗೆ ಹೇಳಿ ಕಾಲುವಿ ದಂಡಿಗೆ ಚೆಲ್ಲಸ್ತೀನಿ. ಸತ್ತ ಮಣ್ಣು, ಇಟ್ಕೊಂಡು ಏನ್ಮಾಡಾದು."

ಒಳಗೆ ಅಕ್ಕಿ ಆರಿಸುತ್ತಿದ್ದ ದುರುಗವ್ವ ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ವರ್ಷವಾಗುತ್ತ ಬಂದರೂ ಮುಟ್ಟದ ಮೆಟ್ಟಿಲನ್ನು ಅವತ್ತು ಹತ್ತಿದಳು. ಒಂದು ಡಬ್ಬಿಯಲ್ಲಿ ಬೆರಳು ಊರಲು ನೋಡಿದರೆ ಇಟ್ಟಿಗೆಯಂತೆ ಗಟ್ಟಿ. ಮೇಲೆ ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿತ್ತು. ಅಂಚಿನಲ್ಲಿ ಮಣ್ಣು ಡಬ್ಬಿಯಿಂದ ಬಿಟ್ಟುಕೊಂಡು ಒಳಗೆ ಸರಿದಿತ್ತು. ಹಿಂದೆಯೇ ಬಂದ ಹೇಮಾ ಮೆಟ್ಟಿಲ ಕೊನೆಯಲ್ಲಿ ನಿಂತಳು.

"ಸತ್ತಿಲ್ಲ ಇದು," ಎಂದಳು ದುರುಗವ್ವ. "ಮಣ್ಣು ಸಾಯಲ್ಲ ಹೇಮಾ. ಹಸಿದಿರ್ತೈತಿ. ಉಣ್ಣಾಕ ಇಕ್ಕಿದ್ರ ಏಳ್ತೈತಿ. ನನ್ನ ಮಗ ಹೊತ್ತು ತಂದದ್ದು, ಚೆಲ್ಲಾಕ ನಾ ಬಿಡಲ್ಲ."

ಮಾಳಿಗೆಯ ಕೆಲಸ ಮುಗಿಯುವತನಕ ಆ ಮಣ್ಣಿಗೆಲ್ಲ ಹಿತ್ತಲಿನ ಮೂಲೆಯಲ್ಲಿ ಜಾಗ ಕೊಡಲು ಹಂಪಯ್ಯ ಒಪ್ಪಿದ. ಅತ್ತೆ ಸೊಸೆ ಇಬ್ಬರೂ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ತಾಡಪಾಲಿನ ಮೇಲೆ ಬೋರಲು ಹಾಕಿದರು. ಹೆಂಟೆಗಳನ್ನು ಸುತ್ತಿಗೆಯಿಂದ ಒಡೆದರು. ಬೇರುಗಳು ಜಡೆಯಂತೆ ಸುತ್ತಿಕೊಂಡಿದ್ದವು. ದಪ್ಪನೆಯದನ್ನು ಕಿತ್ತು ಬಿಸಾಡಿ, ಸಣ್ಣದನ್ನು ಮಣ್ಣಿಗೇ ಬಿಟ್ಟರು. ಉಪ್ಪು ಕಟ್ಟಿದ ಮೇಲ್ಪದರವನ್ನು ಕೆರೆದು ತೆಗೆದರು. ಮಿಕ್ಕಿದ್ದನ್ನು ತೂತಿನ ಬಕೆಟ್ಟಿಗೆ ತುಂಬಿ, ಕಾಲುವೆಯ ನೀರು ತಂದು ಮೇಲಿಂದ ಮೇಲೆ ಸುರಿದು, ಉಪ್ಪು ಬಸಿದುಹೋಗುವವರೆಗೆ ತೊಳೆದರು. ಆಮೇಲೆ ಬೇಸಿಗೆಯ ಆ ಬಿಸಿಲಿಗೆ ತೆಳ್ಳಗೆ ಹರವಿದರು. ಹೊಸಪೇಟೆಯ ಬಿಸಿಲಿಗೆ ಹುಳುವೂ ಉಳಿಯುವುದಿಲ್ಲ, ಹುಳುವಿನ ಮೊಟ್ಟೆಯೂ ಉಳಿಯುವುದಿಲ್ಲ.

ಒಮ್ಮೆ ಹೆಂಟೆ ಒಡೆಯುವಾಗ ಬಿಳಿಯ ದಪ್ಪ ಗೊಣ್ಣೆಹುಳು ಹೇಮಾಳ ಪಾದದ ಮೇಲೆ ಬಿತ್ತು. ಅವಳು ಕಿಟಾರನೆ ಕಿರುಚಿ ಹಿಂದೆ ಹಾರಿ, ಬಕೆಟ್ಟಿನ ಮೇಲೆ ಕುಳಿತೇ ಬಿಟ್ಟಳು. ನಂತರ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ದುರುಗವ್ವ ಆ ಮುಖವನ್ನು ನೋಡುತ್ತ ಕೈಯಲ್ಲಿದ್ದ ಸುತ್ತಿಗೆಯನ್ನು ಮರೆತಳು.

"ಇದಕ್ಕೀಗ ಗೊಬ್ಬರ ಬೇಕು, ಬೇವಿನ ಹಿಂಡಿ ಬೇಕು," ಎಂದಳು ಅವಳು. "ಮತ್ತ ಕಂಪ್ಲಿ ಅಕ್ಕಿ ಮಿಲ್ಲಿನ ಭತ್ತದ ಹೊಟ್ಟು ಬೇಕು. ಸುಟ್ಟದ್ದು. ಎರೆಮಣ್ಣು ಮತ್ತ ಗಟ್ಟಿ ಆಗಬಾರ್ದಂದ್ರ ಅದು ಹಾಕಬೇಕು. ನಾ ಹುಡುಗಿದ್ದಾಗ ಅಲ್ಲೇ ಮಿಲ್ಲಿನ ಕಣದಾಗ ಭತ್ತ ಹರವಾಕ ಹೋಗ್ತಿದ್ದೆ. ನಡಿ, ಹೋಗಿ ಬರಣು."

ಇಬ್ಬರೂ ಬಸ್ಸಿನಲ್ಲಿ ಕಂಪ್ಲಿಗೆ ಹೋದರು. ಮಿಲ್ಲಿನ ಹಿಂಭಾಗದಲ್ಲಿ ಬಾಯ್ಲರಿನಿಂದ ಬಂದ ಸುಟ್ಟ ಹೊಟ್ಟಿನ ಗುಡ್ಡೆ ಬಿದ್ದಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದವನ ಹೆಸರು ಬಸವಕುಮಾರ್. ಮೂವತ್ತೈದರ ಆಸುಪಾಸು, ಹುಬ್ಬಿನ ಮೇಲೂ ಮಸಿ. ಹೆಂಗಸರಿಬ್ಬರು ಚೀಲ ಹಿಡಿದು ಬೂದಿ ಕೇಳಲು ಬಂದದ್ದನ್ನು ನೋಡಿ ಅವನಿಗೆ ಅಚ್ಚರಿ.

"ಪಾತ್ರಿ ತಿಕ್ಕಾಕೇನ್ರಿ ದೊಡ್ಡವ್ವ?"

"ಅಲ್ಲಪ, ಹಳೇ ಮಣ್ಣಿಗೆ ಬೆರಸಾಕ. ಕುಂಡದಾಗ ಗಿಡ ಬೆಳಿತೀವಿ."

"ಹಂಗಾದ್ರ ಆ ಬಿಳೇದು ಬ್ಯಾಡ. ಈ ಕಡಿ ಕರ್ರಗಿರೋದು ತಗೋರಿ, ಅರ್ಧ ಸುಟ್ಟದ್ದು." ತಾನೇ ಸಲಿಕೆ ಹಿಡಿದು ತುಂಬಿದ. ಬಸ್ಸಿನವರು ಅಷ್ಟು ಚೀಲ ಹತ್ತಿಸಿಕೊಳ್ಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. "ನಾ ಸಾಮಾನು ತರಾಕ ಹೊಸಪೇಟಿಗೆ ಬರ್ತಿರ್ತೀನಿ. ಗಾಡ್ಯಾಗ ಹಾಕ್ಕೊಂಡು ಬಂದು ಕೊಡ್ತೀನಿ ಬಿಡ್ರಿ."

ಹೇಳಿದಂತೆ ಬಂದ. ಅವತ್ತು ಹಿತ್ತಲಿನಲ್ಲಿ ಮೂವರೂ ಕೂಡಿ ಮಣ್ಣು ಬೆರೆಸಿದರು. ದುರುಗವ್ವ ಅಳತೆ ಹೇಳುತ್ತ ಹೋದಳು. ಹೇಮಾ ಗೊಬ್ಬರ ಸುರಿದಳು. ಬಸವಕುಮಾರ ತಿರುವಿ ತಿರುವಿ ಹಾಕಿದ. ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ, ಗೊಬ್ಬರದ ಬಿಸಿ ಆರುವವರೆಗೆ ಹಾಗೇ ಬಿಟ್ಟರು. ಮಣ್ಣು ಹದಕ್ಕೆ ಬಂತೋ ಇಲ್ಲವೋ ನೋಡಲು ಮೊದಲು ಒಂದು ಡಬ್ಬಿಯಲ್ಲಿ ಮೆಂತ್ಯ ಉದುರಿಸಿದರು. ಮೆಂತ್ಯ ಎದ್ದಿತು. ಉಳಿದ ಡಬ್ಬಿಗಳೆಲ್ಲ ಮತ್ತೆ ಮಾಳಿಗೆ ಸೇರಿದವು. ಬದನೆ ಇದ್ದಲ್ಲಿ ಈ ಸಲ ಅಲಸಂದೆ, ಅಲಸಂದೆ ಇದ್ದಲ್ಲಿ ಬದನೆ. ಒಂದೇ ಬೆಳೆ ಒಂದೇ ಮಣ್ಣಿಗೆ ಬೀಳಬಾರದೆಂದು ದುರುಗವ್ವನ ಹಟ.

ಬಸವಕುಮಾರ ಆಗಾಗ ಬರತೊಡಗಿದ. ಒಮ್ಮೆ ಬೇವಿನ ಹಿಂಡಿ, ಒಮ್ಮೆ ಬಳ್ಳಿಗೆ ಕಟ್ಟಲು ಬಿದಿರು. ಅವನ ಹೆಂಡತಿ ಕಾಮಾಲೆಯಲ್ಲಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ದುರುಗವ್ವನಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. ಬಂದಾಗಲೆಲ್ಲ ರೊಟ್ಟಿ ತಟ್ಟಿ ಬಡಿಸುತ್ತಿದ್ದಳು. "ನಮ್ಮ ಜಂಬುನಾಥ ಇದ್ದಿದ್ರ ನೀವಿಬ್ರೂ ಗೆಳೇರಾಗ್ತಿದ್ರಿ," ಎಂದು ಒಮ್ಮೆ ಅಂದಿದ್ದಳು ಕೂಡ. ಅವನು ಬರುವ ದಿನ ಹೇಮಾ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳುವುದನ್ನು ಅವಳು ನೋಡಿದ್ದಳು. ನೋಡಿದ್ದನ್ನು ಮನಸ್ಸಿಗೆ ತಂದುಕೊಂಡಿರಲಿಲ್ಲ.

ಜಂಬುನಾಥನ ವರ್ಷದ ಕಾರ್ಯ ಮುಗಿಯುವವರೆಗೆ ಬಸವಕುಮಾರ ಬಾಯಿ ಬಿಡಲಿಲ್ಲ. ಶ್ರಾವಣ ಕಳೆಯುತ್ತಿದ್ದಂತೆ ಒಂದು ಬೆಳಿಗ್ಗೆ ಬಂದ. ಹೇಮಾ ಹೊಲಿದ ಬಟ್ಟೆ ಕೊಡಲು ಹೊರಗೆ ಹೋಗಿದ್ದಳು. ದುರುಗವ್ವ ಮಾಳಿಗೆಯ ಮೇಲೆ ಬದನೆಗೆ ಮಣ್ಣು ಏರಿಸುತ್ತಿದ್ದಳು. ಅವನು ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತ.

"ದೊಡ್ಡವ್ವ, ತಪ್ಪು ತಿಳ್ಕೋಬ್ಯಾಡ್ರಿ. ನೀವು ಹೂಂ ಅಂದ್ರ ಹೇಮಾ ಅವ್ರನ್ನ ಉಡಿಕಿ ಮಾಡ್ಕೊಂತೀನಿ. ನಿಮ್ಮನ್ನ ಬಿಟ್ಟು ಬರಲ್ಲ ಅಂತಾರ ಅವ್ರು. ನೀವೂ ಬರ್ರಿ. ಕಂಪ್ಲ್ಯಾಗ ನನ್ನ ಮನಿ ದೊಡ್ಡದೈತಿ."

ಗಂಡ ಸತ್ತವಳು ಮತ್ತೆ ಉಡಿಕೆಯಾಗುವುದು ಅವರ ಜನದಲ್ಲಿ ಹೊಸದೇನಲ್ಲ. ದುರುಗವ್ವನ ಚಿಕ್ಕಮ್ಮನೇ ಉಡಿಕೆಯಾಗಿ ನಾಲ್ಕು ಮಕ್ಕಳನ್ನು ಹೆತ್ತವಳು. ಜನ ಏನೆಂದಾರು ಎಂಬ ಭಯ ಅವಳಿಗಿರಲಿಲ್ಲ. ಅವಳ ಭಯ ಬೇರೆಯದು. ಆ ಮನೆಯಲ್ಲಿ 'ಅವ್ರು' ಎಂದರೆ ಜಂಬುನಾಥ. ಅವ್ರಿಗೆ ಹಿಂಡಿಪಲ್ಯ ಅಂದ್ರ ಜೀವ, ಅವ್ರು ಹಿಂಗ ಸಿಳ್ಳಿ ಹಾಕ್ತಿದ್ರು ಎಂದು ಹೇಮಾ ಹೇಳುವಳು, ತಾನು ಕೇಳುವಳು. ತಾನು ಹೇಳುವಳು, ಅವಳು ಕೇಳುವಳು. ಇನ್ನು ಮೇಲೆ ಆ ಮಾತಿಗೆ ಇನ್ನೊಬ್ಬ ಬರುತ್ತಾನೆ. ಜಂಬುನಾಥ ಎರಡನೇ ಸಲ ಸಾಯುತ್ತಾನೆ.

ಅವಳು ಎದ್ದು ನಿಂತಳು. ಕೈ ತುಂಬ ಮಣ್ಣಿತ್ತು.

"ನನ್ನ ಮಗ ಹೊತ್ತು ತಂದ ಮಣ್ಣಿಗೆ ಬೂದಿ ಬೆರಸಾಕ ಕರದಿದ್ದೆ ನಿನ್ನ. ಅವನ ಜಾಗದಾಗ ಕುಂದ್ರು ಅಂತ ಕರದಿರಲಿಲ್ಲ. ಅನ್ನ ಉಂಡ ಮನಿಗೆ ಹಿಂಗ ಮಾಡ್ತಾರೇನೋ? ನಡಿ. ಇನ್ನ ಈ ಮೆಟ್ಲು ಹತ್ತಬ್ಯಾಡ."

ಬಸವಕುಮಾರ ಬಗ್ಗಿದ. ಅವಳ ಪಾದದ ಬಳಿಯ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದುಹೋದ. ಅವನು ಇಳಿಯುವಾಗ ಮೆಟ್ಟಿಲ ಕೆಳಗೆ ಬಟ್ಟೆಯ ಗಂಟು ಎದೆಗವಚಿಕೊಂಡು ಹೇಮಾ ನಿಂತಿದ್ದಳು. ಎಲ್ಲ ಕೇಳಿಸಿತ್ತು.

ಸೊಸೆ ಜಗಳ ತೆಗೆಯುತ್ತಾಳೆಂದು ದುರುಗವ್ವ ಅವತ್ತೆಲ್ಲ ಕಾದಳು. ಹೇಮಾ ಒಲೆ ಹಚ್ಚಿದಳು, ಅನ್ನಕ್ಕಿಟ್ಟಳು. ಕಡೆಗೆ ದುರುಗವ್ವನೇ, "ನಾನಂದದ್ದಕ್ಕ ನಿಂಗ ಸಿಟ್ಟು ಬಂತೇನ?" ಎಂದು ಕೇಳಿದಳು.

"ನೀವು ಬ್ಯಾಡಂದ್ರ ಬ್ಯಾಡ ಬಿಡ್ರಿ ಅತ್ತಿ."

ಮುಂದೆಯೂ ಹೇಮಾ ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಗಿಡಕ್ಕೆ ನೀರು ಹಾಕಿದಳು, ಅಲಸಂದೆ ಬಿಡಿಸಿದಳು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಆದರೆ 'ಅವ್ರು' ಎಂಬ ಮಾತು ಅವಳ ಬಾಯಿಂದ ಬರುವುದು ನಿಂತಿತು. ದುರುಗವ್ವ ಜಂಬುನಾಥನ ಮಾತು ತೆಗೆದರೆ "ಹೂಂ" ಎನ್ನುವಳು, ಮಿಷನ್ ತುಳಿಯುವಳು. ಯಾವುದನ್ನು ಉಳಿಸಿಕೊಳ್ಳಲು ಅಷ್ಟು ಒರಟಾಗಿ ಮಾತಾಡಿದ್ದಳೋ ಅದೇ ಮನೆ ಬಿಟ್ಟು ಹೋಗಿತ್ತು.

ದೀಪಾವಳಿ ಮುಗಿದಿತ್ತು. ಒಂದು ಮಧ್ಯಾಹ್ನ ಬೀದಿಯ ಗಂಗಾಂಬಿಕಾ ರವಿಕೆ ಹೊಲಿಸಲು ಬಂದಳು. ದುರುಗವ್ವ ಒಳಕೋಣೆಯಲ್ಲಿ ಮಲಗಿದ್ದಳು. ನಿದ್ದೆ ಬಂದಿದೆಯೆಂದು ಇಬ್ಬರೂ ತಿಳಿದಿದ್ದರು.

"ಇನ್ನಾ ಸಣ್ಣ ವಯಸ್ಸು ನಿಂದು. ಹಿಂಗ ಎಷ್ಟು ದಿನ ಇರ್ತಿ?"

"ನಮ್ಮತ್ತಿ ಇರೋ ತನಕ ಇರ್ತೀನಕ್ಕ," ಎಂದಳು ಹೇಮಾ. ಮಿಷನ್ ನಿಂತಿತ್ತು. "ಆಮ್ಯಾಲ ಅಂತೂ ಯಾರಿಗೆ ಬೇಕಾಗಿರ್ತೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ದುರುಗವ್ವ ಗೋಡೆಯ ಕಡೆ ಮುಖ ಮಾಡಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ತಾನು ಉಸಿರಾಡುತ್ತಿರುವವರೆಗೆ ಆ ಹುಡುಗಿಗೆ ಬಿಡುಗಡೆಯಿಲ್ಲ. ತನ್ನ ಆಯುಷ್ಯವನ್ನು ತಾನೇ ಅವಳ ಕೊರಳಿಗೆ ಕಟ್ಟಿಬಿಟ್ಟಾಗಿತ್ತು.

ಮರುದಿನ ಬೆಳಿಗ್ಗೆ ತವರಿಗೆ ಹೋಗುತ್ತೇನೆಂದು ಹೇಳಿ, ಮಾಳಿಗೆಯ ಬದನೆಕಾಯಿ ಒಂದಿಷ್ಟು ಚೀಲಕ್ಕೆ ಹಾಕಿಕೊಂಡು ಕಂಪ್ಲಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಭತ್ತದ ಗದ್ದೆ ಹಳದಿಗೆ ತಿರುಗಿತ್ತು. ಏನು ಹೇಳಬೇಕೆಂಬುದನ್ನು ಮನಸ್ಸಿನಲ್ಲೇ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ತಪ್ಪಾತಪ, ಮುದುಕಿ ಮಾತು ಮನಸಿಗೆ ತಗೋಬ್ಯಾಡ. ಅವಳನ್ನ ಕರ್ಕೊಂಡು ಹೋಗು. ನಾ ಎಲ್ಲ್ಯಾರ ಇರ್ತೀನಿ.

ಬಸವಕುಮಾರ ಅವಳನ್ನು ಕಂಡು ಕೈಲಿದ್ದ ಸಲಿಕೆ ಬಿಟ್ಟು ಓಡಿಬಂದ. ಸ್ಟೂಲು ಹಾಕಿ ಕೂರಿಸಿದ, ನೀರು ಕೊಟ್ಟ. ಅವಳು ಕಟ್ಟಿಕೊಂಡು ಬಂದ ಮಾತೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ಬಾಯ್ಲರಿನ ಸದ್ದಿನಲ್ಲಿ ತನ್ನ ಮಾತು ಅವನಿಗೆ ಮುಟ್ಟಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹೇಳಹೋದಳು.

"ಕೇಳಿಸ್ತು ದೊಡ್ಡವ್ವ," ಎಂದ ಅವನು. "ಸಿರುಗುಪ್ಪಿ ಕಡಿ ಹುಡುಗಿ. ನಮ್ಮಕ್ಕ ಹಟ ಹಿಡಿದು ನನಗ ಗೊತ್ತು ಮಾಡ್ಯಾಳ. ಮೊನ್ನಿ ಎಲಿ ಅಡಿಕಿ ಆತು." ಬಿದ್ದಿದ್ದ ಸಲಿಕೆಯನ್ನು ಎತ್ತಿ ಗೋಡೆಗೆ ಆನಿಸಿ, "ಆ ಹುಡುಗಿದೇನು ತಪ್ಪೈತಿ ಹೇಳ್ರಿ," ಎಂದ. ಅವನ ಕಣ್ಣು ತುಂಬಿತ್ತು. ಮಸಿ ಕೈಯಿಂದಲೇ ಒರೆಸಿಕೊಂಡ.

ದುರುಗವ್ವ ಬದನೆಕಾಯಿಯ ಚೀಲವನ್ನು ಅವನ ಕೈಗಿಟ್ಟು, "ಚಂದಾಗಿ ಬಾಳ್ರಪ," ಎಂದು ಹೇಳಿ ಎದ್ದಳು. ಬಸ್ ಸ್ಟ್ಯಾಂಡಿನಲ್ಲಿ ಹೊಸಪೇಟೆಯ ಬಸ್ಸೊಂದು ಬಂದು ಹೋಯಿತು. ಅವಳಿಗೆ ಕಾಣಿಸಲಿಲ್ಲ.

ಮನೆಗೆ ಬಂದಾಗ ಸಂಜೆಯಾಗಿತ್ತು. ಹೇಮಾ ಹೊಸಿಲಿಗೆ ದೀಪ ಇಡುತ್ತಿದ್ದಳು. ದುರುಗವ್ವ ಒಳಗೂ ಹೋಗದೆ ಅಲ್ಲೇ ಕಟ್ಟೆಯ ಮೇಲೆ ಕುಳಿತಳು.

"ತವರಿಗೆ ಹೋಗಿರಲಿಲ್ಲ ಹೇಮಾ. ಕಂಪ್ಲಿಗೆ ಹೋಗಿದ್ದೆ. ಅವನ್ನ ಕೇಳಾಕ." ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. "ಅವಂಗ ಬ್ಯಾರೆ ಕಡಿ..."

"ಗೊತ್ತೈತ್ರಿ."

"ಹೆಂಗ?"

"ಎಲಿ ಅಡಿಕಿಗಿಂತ ಮೊದ್ಲು ಫೋನ್ ಮಾಡಿದ್ರು. ಅಕ್ಕ ಒತ್ತಾಯ ಮಾಡಾಕತ್ತಾಳ, ನಿಮ್ಮತ್ತಿ ಮನಸು ಏನಾರ ತಿರುಗೈತೇನು ಅಂತ ಕೇಳಿದ್ರು. ಇಲ್ಲ ಅಂದೆ."

"ನನ್ನನ್ನ ಒಂದು ಮಾತು ಕೇಳಬಾರ್ದಾಗಿತ್ತೇನ ತಾಯಿ?"

ಹೇಮಾ ಬತ್ತಿಯನ್ನು ಸರಿಮಾಡಿ, ಎಣ್ಣೆಯ ಬೆರಳನ್ನು ತಲೆಗೆ ಒರೆಸಿಕೊಂಡು, ಮಾಳಿಗೆಯ ಆ ಬೆಳಗಿನ ನಂತರ ಮೊದಲ ಸಲ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

"ಕೇಳಿದ್ರ ಅವತ್ತು ಹೂಂ ಅಂತಿದ್ರೇನ್ರಿ?"

"ಇಲ್ಲವ್ವ," ಎಂದಳು ದುರುಗವ್ವ. ಸುಳ್ಳು ಹೇಳುವ ಹೊತ್ತಾಗಿರಲಿಲ್ಲ ಅದು.

ಹೇಮಾ ಮಾಳಿಗೆ ಹತ್ತಿ ಹೋದಳು. ಸ್ವಲ್ಪ ಹೊತ್ತಿಗೆ ದುರುಗವ್ವನೂ ಮೊಣಕಾಲು ಹಿಡಿದುಕೊಂಡು ಹತ್ತಿದಳು. ಸೊಸೆ ಗಿಡಗಳ ನಡುವೆ ಕೂತು, ಮಂಡಿಗೆ ಮುಖ ಕೊಟ್ಟು ಅಳುತ್ತಿದ್ದಳು. ಬೆನ್ನು ಅದುರುತ್ತಿತ್ತು. ದುರುಗವ್ವ ಪಕ್ಕದಲ್ಲಿ ಕುಳಿತು ಆ ಬೆನ್ನಿನ ಮೇಲೆ ಕೈ ಇಟ್ಟಳು. ಹೇಮಾ ಕೈ ಸರಿಸಲಿಲ್ಲ, ಒರಗಲೂ ಇಲ್ಲ. ಸತ್ತವನಿಗಾಗಿ ಅಳುತ್ತಿದ್ದಾಳೋ, ಬೇರೆಯವಳ ಪಾಲಾದವನಿಗಾಗಿ ಅಳುತ್ತಿದ್ದಾಳೋ, ದುರುಗವ್ವ ಕೇಳಲಿಲ್ಲ. ಇಬ್ಬರಿಗೂ ಆಗಿದ್ದೀತು. ತನಗೂ ಇಬ್ಬರು ಮಕ್ಕಳು ಹೋದಂತೆಯೇ ಆಗಿತ್ತು.

ಬಸವಕುಮಾರನ ಮದುವೆ ಮಾಘದಲ್ಲಿ ಆಯಿತೆಂದು ಎಮ್ಮಿಗನೂರಿನವರು ಹೇಳಿದರು. ದುರುಗವ್ವ ಅವರಲ್ಲಿ ಕಂಡವರಿಗೆಲ್ಲ, ಒಳ್ಳೆಯವನಿದ್ದರೆ ನಮ್ಮ ಹೇಮಾಗೆ ನೋಡಿ ಎಂದು ಹೇಳಿಟ್ಟಳು. ಇಬ್ಬರು ಬಂದು ನೋಡಿಯೂ ಹೋದರು. ಹೇಮಾ ಇಬ್ಬರಿಗೂ ಚಹಾ ಕೊಟ್ಟಳು, ಇಬ್ಬರನ್ನೂ ಒಲ್ಲೆನೆಂದಳು.

"ನನ್ನ ಸಲುವಾಗಿ ಬ್ಯಾಡ ಅನಬ್ಯಾಡವ್ವ," ಎಂದು ದುರುಗವ್ವ ಕೈ ಮುಗಿದಳು.

"ನಿಮ್ಮ ಸಲುವಾಗಿ ಅಲ್ರಿ ಅತ್ತಿ," ಎಂದಳು ಹೇಮಾ. ಎಷ್ಟೋ ದಿನಗಳ ಮೇಲೆ ಅವಳ ದನಿ ಮೆತ್ತಗಾಗಿತ್ತು. "ಎರಡು ಸಲ ಮನಸು ಕೊಟ್ಟೆ. ಇನ್ನ ಕೊಡಾಕ ನನ್ನ ಹತ್ರ ಇಲ್ಲ."

ತಟ್ಟೆ ಹಾಕಿ, ರೊಟ್ಟಿ ಇಟ್ಟು, ಪಲ್ಯ ಬಡಿಸಿದಳು. ನೀನೂ ಕುಂದ್ರು, ಜೋಡಿ ಉಣ್ಣಣು ಎಂದಳು ದುರುಗವ್ವ. ಮದುವೆ ದಿನ ಹತ್ತಿರವಿರುವ ಯಾರದೋ ರವಿಕೆಗೆ ಕೊಕ್ಕೆ ಹಚ್ಚುವುದು ಉಳಿದಿತ್ತು. "ನೀವು ಉಣ್ರಿ, ನಂದು ತಡ ಆಗ್ತೈತಿ," ಎಂದು ಹೇಮಾ ಸೂಜಿಗೆ ದಾರ ಪೋಣಿಸಿದಳು.